ದಾರಿ ಎಷ್ಟು, ಹೊತ್ತು ಎಷ್ಟು?

ನಮ್ಮ ಹಿರಿಯರು ದಾರಿಯನ್ನು ಹರದಾರಿ, ಗಾವುದಗಳಲ್ಲಿ ಎಣಿಸುತ್ತಿದ್ದರು. ಕೊಲ್ಲಿಯಲ್ಲಿರುವ ನೀವು, ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ನಾವು ಗಂಟೆಗಳಲ್ಲಿ ಎಣಿಸುತ್ತೇವೆ. ಊರಿಂದ ಕೆಟ್ಟ ಸುದ್ದಿ ಬಂದಾಗ ಎಷ್ಟು ಕಿಲೋಮೀಟರ್ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಮುಟ್ಟುತ್ತೀರಿ ಎಂದೇ ಕೇಳುತ್ತಾರೆ. ದೂರದ ಲೆಕ್ಕವೂ ಹೊತ್ತಿನ ಲೆಕ್ಕವೂ ಒಂದೇ ಅಲ್ಲ ಎಂಬುದನ್ನು ವಿಮಾನ ನಿಲ್ದಾಣಗಳ ಚರಿತ್ರೆ ಚೆನ್ನಾಗಿ ತೋರಿಸುತ್ತದೆ.

ನಮ್ಮ ಸಮೀಪದ ಸುಬಾಂಗ್ ನಿಲ್ದಾಣ 1965ರ ಆಗಸ್ಟ್ 30ರಂದು ಆರಂಭವಾಗಿ, ಮೂರು ದಶಕಕ್ಕೂ ಹೆಚ್ಚು ಕಾಲ ಕೌಲಾಲಂಪುರದ ಹೆಬ್ಬಾಗಿಲಾಗಿತ್ತು. 1998ರ ಜೂನ್‌ನಲ್ಲಿ ಸೆಪಾಂಗ್‌ನ ಹೊಸ ನಿಲ್ದಾಣ ತೆರೆದ ಮೇಲೆ ದೊಡ್ಡ ವಿಮಾನಗಳು ಅಲ್ಲಿಗೆ ಹೋದವು. ಮುಂದೆ ಸುಬಾಂಗ್‌ನಲ್ಲಿ ಹೆಚ್ಚಾಗಿ ರೆಕ್ಕೆಪಂಖದ ಸಣ್ಣ ವಿಮಾನಗಳೇ ಓಡಾಡಿದವು. 2024ರಲ್ಲಿ ಜೆಟ್ ಸೇವೆ ಮತ್ತೆ ಬಂದಿತು.

ವಾಯುಮಾರ್ಗದ ದೂರವನ್ನು ಭೂಗೋಳದ ಮೇಲ್ಮೈಯಲ್ಲಿ ಎಳೆದ ಅತಿ ಚಿಕ್ಕ ಗೆರೆಯಿಂದ ಅಳೆಯುತ್ತಾರೆ. ಅದರ ಮಾನ ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಈ ಲೆಕ್ಕದಲ್ಲಿ ಸುಬಾಂಗ್‌ನಿಂದ ಪೆನಾಂಗ್‌ಗೆ ಸುಮಾರು 150 ನಾಟಿಕಲ್ ಮೈಲಿ, 280 ಕಿ.ಮೀ. ಗಂಟೆಗೆ ಸುಮಾರು 500 ಕಿ.ಮೀ. ಹಾರುವ ಎಟಿಆರ್ ವಿಮಾನಕ್ಕೆ 34 ನಿಮಿಷ ಸಾಕು. ಆದರೆ ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆ ಎಂದಿರುತ್ತದೆ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಮತ್ತೆ ನಿಲ್ಲುವವರೆಗಿನ ಹೊತ್ತು ಅದು: ರನ್‌ವೇಗೆ ಸಾಗುವುದು, ಮೇಲೇರುವುದು, ಸರದಿ ಕಾಯುವುದು ಎಲ್ಲ ಅದರೊಳಗೇ. ಸೆಪಾಂಗ್‌ನಿಂದ ಪೆನಾಂಗ್‌ಗೆ ಆಕಾಶದಲ್ಲಿ ಹೆಚ್ಚುವುದು 45 ಕಿ.ಮೀ. ಮಾತ್ರ. ನಗರದವರಿಗೆ ಭಾರವಾದದ್ದು ನಿಲ್ದಾಣಕ್ಕೆ ಹೋಗುವ ದಾರಿ.

ನಮ್ಮ ನಾಡಿನಲ್ಲೂ ಹೀಗೇ ಆಯಿತು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಾಗರಿಕ ವಿಮಾನಗಳು ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದವು. ಮಂಗಳೂರಿಗೆ ವಾಯುಮಾರ್ಗ ಮೊದಲೂ ಸುಮಾರು 300 ಕಿ.ಮೀ., ಈಗಲೂ ಹೆಚ್ಚುಕಡಿಮೆ ಅಷ್ಟೇ. ಜಯನಗರದವರ ಪ್ರಯಾಣ ಮಾತ್ರ ಉದ್ದವಾಯಿತು.

ಬಜ್ಪೆಯ ಕಥೆ ಇದಕ್ಕೆ ತಿರುಗುಮುರುಗು. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದ ನಿಲ್ದಾಣ ಅದು. ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದಕ್ಕೂ ಮೊದಲು ಕರಾವಳಿಯ ಬಹಳ ಮಂದಿ ಮುಂಬಯಿಯಲ್ಲಿ ಇಳಿದು, ಬಸ್ಸಿನಲ್ಲೋ, 1998ರ ಬಳಿಕ ಕೊಂಕಣ ರೈಲಿನಲ್ಲೋ ಸುಮಾರು 900 ಕಿ.ಮೀ. ಬರಬೇಕಿತ್ತು. ದುಬೈಯಿಂದ ಮುಂಬಯಿಗಿಂತ ಮಂಗಳೂರು ಆಕಾಶದಲ್ಲಿ ಸುಮಾರು 500 ಕಿ.ಮೀ. ಹೆಚ್ಚು ದೂರ. ಆದರೂ ಊರು ಹತ್ತಿರವಾಯಿತು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಮನೆಗೆ ಮುಟ್ಟಿದಾಗ ಮಣ್ಣಿನ ಕಾರ್ಯವೇ ಮುಗಿದಿದ್ದವರಿಗೆ ಆ ವ್ಯತ್ಯಾಸದ ಬೆಲೆ ಗೊತ್ತು.

ಆಸ್ಪತ್ರೆಯ ಔಷಧ ವಿಭಾಗದಲ್ಲಿ ನಮಗೂ ಈ ಲೆಕ್ಕವೇ ಬೇಕಾಗುತ್ತದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ಆದ್ದರಿಂದ ಊರಿಗೆ ಹೊರಟವರಿಗೆ ನಾವು ಹೇಳುವುದಿಷ್ಟು: ಅದು ಕೈಚೀಲದಲ್ಲೇ ಇರಲಿ. ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಭಾರತಕ್ಕಿಂತ ದುಬೈ ಒಂದೂವರೆ ಗಂಟೆ ಹಿಂದೆ, ಮಲೇಷ್ಯಾ ಎರಡೂವರೆ ಗಂಟೆ ಮುಂದೆ. ಅದನ್ನು ಸರಿಪಡಿಸಿಕೊಂಡು, ನಿಮ್ಮ ಕೋಣೆಯ ಬಾಗಿಲಿನಿಂದ ಊರ ಮನೆಯ ಬಾಗಿಲವರೆಗೆ ಎಷ್ಟು ಗಂಟೆ ಎಂದು ಕೂಡಿಸಿ, ಆಮೇಲೆ ಔಷಧದಂಗಡಿಯವರನ್ನು ಕೇಳಿ ತಂಪು ಪೆಟ್ಟಿಗೆ ತೆಗೆದುಕೊಳ್ಳಿ.