ರೋಮಿನ ನಾಣ್ಯ: ಅಸಲು ಯಾವುದು, ನಕಲು ಯಾವುದು?

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಪಿಲಾ ನದಿಯ ದಡದ ಕಿತ್ತೂರು ಒಂದು ಕಾಲಕ್ಕೆ ಕೀರ್ತಿಪುರವಾಗಿತ್ತು. ಪುನ್ನಾಟ ರಾಜ್ಯದ ರಾಜಧಾನಿ. ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ, 'ಪೌನ್ನಾಟ'ದಲ್ಲಿ ಬೆರಿಲ್ ಎಂಬ ಹರಳು ದೊರೆಯುತ್ತದೆಂದು ಬರೆದಿದ್ದಾನೆ. ಆತ ಹೇಳಿದ್ದು ಈ ಪುನ್ನಾಟವನ್ನೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ದಕ್ಷಿಣ ಭಾರತದ ಹರಳು, ಮೆಣಸುಗಳಿಗೆ ಬೆಲೆಯಾಗಿ ಬಂದದ್ದು ರೋಮಿನ ಬೆಳ್ಳಿ, ಬಂಗಾರ. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣ ಭಾರತಕ್ಕೆ ಹರಿದುಹೋಗುತ್ತಿದೆ ಎಂದು ರೋಮಿನ ಲೇಖಕ ಪ್ಲಿನಿ ಅಂದೇ ಗೊಣಗಿದ್ದ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮಿನ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ನಾಣ್ಯಗಳು ದೊರೆತವು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ನಂತರದ ಬೈಜಾಂಟಿಯಂ ಕಾಲದ ಬಂಗಾರದ ನಾಣ್ಯಗಳು ಸಿಕ್ಕವು. ಅವುಗಳ ಜೊತೆಗೆ ನಕಲುಗಳೂ ಇದ್ದವು.

ಈ ನಕಲುಗಳು ಇಂದಿನ ಅಂಗಡಿಯ ಮಾಲಲ್ಲ. ಹಳೆಯ ಕಾಲದಲ್ಲೇ ಭಾರತದಲ್ಲಿ ಅಸಲನ್ನು ನೋಡಿ ಮಾಡಿದವು. ಇವನ್ನು ಗುರುತಿಸುವುದು ಹೇಗೆ?

ಮೊದಲ ಸುಳಿವು ಅಕ್ಷರ. ರೋಮಿನ ಟಂಕಸಾಲೆಯ ನಾಣ್ಯದ ಅಂಚಿನಲ್ಲಿ ಚಕ್ರವರ್ತಿಯ ಹೆಸರು, ಬಿರುದುಗಳು ಲ್ಯಾಟಿನ್ನಿನಲ್ಲಿ ಸರಿಯಾಗಿ ಓದಿಸಿಕೊಳ್ಳುತ್ತವೆ. ಇಲ್ಲಿನ ಕುಶಲಕರ್ಮಿಗೆ ಆ ಲಿಪಿ ಬಾರದು. ಹಾಗಾಗಿ ನಕಲಿನಲ್ಲಿ ಅಕ್ಷರಗಳು ತಿರುಗಾಮುರುಗಾ ಆಗುತ್ತವೆ. ಕೆಲವೊಮ್ಮೆ ಬರೀ ಗೀಟುಗಳಾಗಿ ಉಳಿಯುತ್ತವೆ. ಎರಡನೆಯದು ಚಿತ್ರ. ಮುಖ ಒರಟಾಗುತ್ತದೆ; ಒಬ್ಬ ಚಕ್ರವರ್ತಿಯ ಮುಖಕ್ಕೆ ಇನ್ನೊಬ್ಬನ ಹಿಂಬದಿ ಕೂಡಿಕೊಳ್ಳುವುದೂ ಉಂಟು. ಮೂರನೆಯದು ತೂಕ ಮತ್ತು ಲೋಹ. ಅಗಸ್ಟಸನ ಕಾಲದ ಬೆಳ್ಳಿಯ ದೆನಾರಿಯಸ್ ಸುಮಾರು 3.9 ಗ್ರಾಂ ತೂಗುತ್ತಿತ್ತು.

ಆದರೆ ಲೋಹವೊಂದನ್ನೇ ನಂಬುವಂತಿಲ್ಲ. ತಾಮ್ರಕ್ಕೆ ಬೆಳ್ಳಿ ಹೊದಿಸಿದ ಖೋಟಾ ನಾಣ್ಯಗಳು ರೋಮ್ ಸಾಮ್ರಾಜ್ಯದೊಳಗೂ ಇದ್ದವು. ಇತ್ತ ಭಾರತದ ನಕಲುಗಳಲ್ಲಿ ಒಳ್ಳೆಯ ಬಂಗಾರದವೂ ಇವೆ. ಒಳ್ಳೆಯ ಬಂಗಾರ ಹಾಕಿ ನಕಲು ಮಾಡಿದವನ ಉದ್ದೇಶ ಮೋಸವೇ ಆಗಿರಬೇಕಿಲ್ಲ. ದಕ್ಷಿಣದಲ್ಲಿ ಸಿಕ್ಕ ಎಷ್ಟೋ ಬಂಗಾರದ ನಾಣ್ಯಗಳಿಗೆ, ಅಸಲು ನಕಲೆನ್ನದೆ, ತೂತು ಕೊರೆಯಲಾಗಿದೆ. ಕೊರಳಿಗೆ ಧರಿಸಲೆಂದೇ ಹಾಗೆ ಮಾಡಿರಬೇಕು. ನಮ್ಮ ಕಾಸಿನ ಸರದ ನೆನಪಾಗದಿರದು.

ಅಸಲು ನಾಣ್ಯ ರೋಮಿನ ಕಥೆ ಹೇಳಿದರೆ, ನಕಲು ನಮ್ಮವರ ಕಥೆ ಹೇಳುತ್ತದೆ: ದೂರದ ಮುದ್ರೆಗೆ ಇಲ್ಲಿ ಎಷ್ಟು ಬೆಲೆಯಿತ್ತು, ಅದನ್ನು ಇಲ್ಲಿಯ ಕೈಗಳು ಹೇಗೆ ತಮ್ಮದಾಗಿಸಿಕೊಂಡವು ಎಂಬುದನ್ನು. ಆದರೆ ನೆಲದಲ್ಲಿ ಸಿಕ್ಕ ಬಂಗಾರ ಸದ್ದಿಲ್ಲದೆ ಕರಗುವುದೇ ಹೆಚ್ಚು. ಓದಲಾಗದ ನಾಣ್ಯಕ್ಕಂತೂ ಲೋಹದ ಬೆಲೆಯಷ್ಟೇ ಎಂದುಕೊಳ್ಳುವವರಿದ್ದಾರೆ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು 1962ರ ಕರ್ನಾಟಕದ ನಿಧಿ ಕಾಯ್ದೆ ಹೇಳುತ್ತದೆ. ಒಮ್ಮೆ ಕರಗಿದ ಮೇಲೆ ಬಂಗಾರ ಉಳಿಯುತ್ತದೆ, ಚರಿತ್ರೆ ಉಳಿಯುವುದಿಲ್ಲ.