ಐವತ್ತಮೂರನೆಯ ಸೀಸೆ

ಬೆಂಗಳೂರಿನ ಹಳೆಯ ಭಾಗಗಳಲ್ಲಿ ಪ್ಲೇಗಮ್ಮನ ಗುಡಿಗಳುಂಟು. ೧೮೯೮ರಲ್ಲಿ ಆ ಮಹಾಮಾರಿ ಊರನ್ನು ಹೊಕ್ಕಾಗ ಜನ ಕಂಡುಕೊಂಡ ಆಸರೆ ಅದು. ಮನೆಯಲ್ಲಿ ಇಲಿ ಬಿತ್ತೆಂದರೆ ಬಾಗಿಲಿಗೆ ಬೀಗ ಹಾಕಿ, ಊರಾಚೆ ಗುಡಿಸಲು ಕಟ್ಟಿಕೊಂಡು ದಿನ ನೂಕುತ್ತಿದ್ದ ಕಾಲ. ಅಮ್ಮನಿಗೆ ಇಂದಿಗೂ ಪೂಜೆ ಸಲ್ಲುತ್ತದೆ. ಅದೇ ರೋಗಕ್ಕೆ ಚುಚ್ಚುಮದ್ದು ಕಂಡುಹಿಡಿದವನ ಹೆಸರು ಮಾತ್ರ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಪ್ರಯೋಗಶಾಲೆಯಲ್ಲಿ ಆಯುಸ್ಸು ಸವೆಸಿದ ನನ್ನಂಥವರಿಗೆ ಆತನ ಕಥೆ ಆಗಾಗ ನೆನಪಾಗುತ್ತದೆ.

ವಾಲ್ಡೆಮಾರ್ ಹಾಫ್ಕಿನ್ ೧೮೬೦ರಲ್ಲಿ ಒಡೆಸ್ಸಾ ನಗರದ ಯೆಹೂದ್ಯ ಮನೆತನವೊಂದರಲ್ಲಿ ಹುಟ್ಟಿದವನು. ಪ್ಯಾರಿಸಿನ ಪಾಸ್ಟರ್ ಸಂಸ್ಥೆಯಲ್ಲಿ ಕಾಲರಾಕ್ಕೆ ಲಸಿಕೆ ಸಿದ್ಧಪಡಿಸಿ, ೧೮೯೩ರಲ್ಲಿ ಭಾರತಕ್ಕೆ ಬಂದ. ೧೮೯೬ರಲ್ಲಿ ಬೊಂಬಾಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರ್ಕಾರ ಆತನನ್ನು ಅಲ್ಲಿಗೆ ಕರೆಸಿಕೊಂಡಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕುಳಿತು, ರೋಗಾಣುಗಳನ್ನು ಮಾಂಸರಸದಲ್ಲಿ ಬೆಳೆಸಿ, ಕಾಯಿಸಿ ಕೊಂದು, ಕೆಲವೇ ತಿಂಗಳಲ್ಲಿ ಮದ್ದು ತಯಾರಿಸಿದ. ೧೮೯೭ರ ಜನವರಿ ೧೦ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಅದು ರಾಮಬಾಣವೇನಲ್ಲ, ಜ್ವರ, ನೋವು ತಪ್ಪುತ್ತಿರಲಿಲ್ಲ. ಆದರೂ ಬೇರೇನೂ ಇಲ್ಲದಿದ್ದ ಕಾಲದಲ್ಲಿ ಅದು ಎಷ್ಟೋ ಜೀವಗಳನ್ನು ಉಳಿಸಿತು.

೧೯೦೨ರಲ್ಲಿ ಪಂಜಾಬಿಗೆ ಈ ಮದ್ದು ಭಾರಿ ಪ್ರಮಾಣದಲ್ಲಿ ಬೇಕಾಯಿತು. ಬೇಗ ಬೇಗ ತಯಾರಿಸಬೇಕೆಂದು ಹಾಫ್ಕಿನ್ ಅದಕ್ಕೆ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು, ಕಾಯಿಸುವುದನ್ನೇ ನಂಬಿದ. ಅಕ್ಟೋಬರ್ ೩೦ರಂದು ಮಲ್ಕೊವಾಲ್ ಎಂಬ ಹಳ್ಳಿಯಲ್ಲಿ ೧೦೭ ಜನರಿಗೆ ಚುಚ್ಚಿದರು. ಅವರಲ್ಲಿ ೫೩ನೆಯ ಸಂಖ್ಯೆಯ ಸೀಸೆಯಿಂದ ಮದ್ದು ಪಡೆದ ೧೯ ಮಂದಿ ಧನುರ್ವಾಯು ಹಿಡಿದು ಸತ್ತರು. ಬೇರೆ ಸೀಸೆಗಳ ಮದ್ದು ಪಡೆದವರು ಕ್ಷೇಮವಾಗಿದ್ದರು.

ವಿಚಾರಣೆ ನಡೆಯಿತು. ನಂಜು ಸೀಸೆಯೊಳಗೆ ಹೊಕ್ಕದ್ದು ಬೊಂಬಾಯಿಯ ಪ್ರಯೋಗಶಾಲೆಯಲ್ಲೇ ಎಂದು ಸಮಿತಿ ತೀರ್ಮಾನಿಸಿತು. ಹಾಫ್ಕಿನ್ ಹುದ್ದೆ ಕಳೆದುಕೊಂಡ. ವಿಚಾರಣೆಯ ಕಾಗದಗಳೆಲ್ಲ ಬಯಲಿಗೆ ಬರಲು ವರ್ಷಗಳೇ ಹಿಡಿದವು. ಬಂದಾಗ ತಿಳಿದದ್ದು ಇದು: ಬಿರಡೆ ಕೀಳುವ ಚಿಮಟ ಸಹಾಯಕನ ಕೈಯಿಂದ ಮಣ್ಣಿಗೆ ಬಿದ್ದಿತ್ತು, ಅದನ್ನು ಕುದಿಸದೆ, ಬರಿಯ ಮದ್ದುನೀರಿನಲ್ಲಿ ಅದ್ದಿ ಸೀಸೆ ತೆರೆದಿದ್ದರು. ಧನುರ್ವಾಯುವಿನ ಅಣು ಮಣ್ಣಿನಲ್ಲೇ ಇರುವಂಥದು. ಸೀಸೆಯಲ್ಲಿ ಅದು ವಾರಗಟ್ಟಲೆ ಬೆಳೆದಿದ್ದರೆ ತೆರೆದೊಡನೆ ದುರ್ವಾಸನೆ ಹೊಡೆಯಬೇಕಿತ್ತು. ತೆರೆದ ವೈದ್ಯನಿಗೆ ಅಂಥ ವಾಸನೆ ಬಂದಿರಲಿಲ್ಲ.

ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ತೋರಿಸಿಕೊಟ್ಟ ರೊನಾಲ್ಡ್ ರಾಸ್, ನಮ್ಮ ಬೆಂಗಳೂರಿನ ದಂಡಿನಲ್ಲೂ ಕೆಲಕಾಲ ವೈದ್ಯನಾಗಿದ್ದವನು, ಆತನ ಪರವಾಗಿ ನಿಂತ. ೧೯೦೭ರ ಜುಲೈಯಲ್ಲಿ ರಾಸ್ ಮತ್ತು ಇತರ ವಿಜ್ಞಾನಿಗಳು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದರು. ಅದೇ ವರ್ಷ ಸರ್ಕಾರ ಆತನನ್ನು ಮರಳಿ ಕೆಲಸಕ್ಕೆ ಕರೆಯಿತು. ಆದರೆ ಬೊಂಬಾಯಿಯ ಹಳೆಯ ಸ್ಥಾನ ಸಿಗಲಿಲ್ಲ, ಕಲ್ಕತ್ತೆಗೆ ಕಳುಹಿಸಿದರು. ಆ ೧೯೦೭ರ ಒಂದೇ ವರ್ಷ ಭಾರತದಲ್ಲಿ ಪ್ಲೇಗಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ಪ್ಲೇಗಿನ ವಿರುದ್ಧ ಎಲ್ಲ ಕೈಗಳೂ ಬೇಕಾಗಿದ್ದ ಕಾಲದಲ್ಲಿ ನುರಿತ ಕೈಯೊಂದು ಸುಮ್ಮನೆ ಕುಳಿತಿತ್ತು.

ಹಾಫ್ಕಿನ್ನನಿಗೆ ಅನ್ಯಾಯವಾಯಿತೆಂದು ಕಥೆ ಮುಗಿಸಿಬಿಡುವುದು ಸುಲಭ. ಆದರೆ ಸರ್ಕಾರದ ಮಾತನ್ನು ನಂಬಿ ತೋಳು ಚಾಚಿದ ಆ ೧೯ ಮಂದಿಯನ್ನು ಮರೆಯಬಹುದೆ? ಸೀಸೆ ಕಳುಹಿಸಿದವನು ತಪ್ಪಿತಸ್ಥನಲ್ಲ ಎಂದಮಾತ್ರಕ್ಕೆ ಅವರ ಸಾವಿಗೆ ಉತ್ತರ ಸಿಕ್ಕಂತಾಗಲಿಲ್ಲ. ವಿಚಾರಣೆ ಮೊದಲು ಕೇಳಬೇಕಾದದ್ದು ‘ಯಾರು ತಪ್ಪು ಮಾಡಿದರು’ ಎಂದಲ್ಲ, ‘ಯಾವ ಹಂತದಲ್ಲಿ ತಪ್ಪು ನಡೆಯಿತು’ ಎಂದು. ಮೊದಲ ಪ್ರಶ್ನೆಗೆ ಒಬ್ಬ ಮನುಷ್ಯ ಸಿಕ್ಕರೆ ಸಾಕು, ಕಡತ ಮುಚ್ಚುತ್ತದೆ. ಎರಡನೆಯದು ಕೇಳಿದರೆ ಮುಂದಿನ ಹಳ್ಳಿಯ ಜನ ಉಳಿಯುತ್ತಾರೆ. ಕಾಗದಗಳನ್ನು ಮುಚ್ಚಿಟ್ಟರೆ ಜನರಿಗೆ ಉಳಿಯುವುದು ಗಾಳಿಸುದ್ದಿಯೊಂದೇ. ಗಾಳಿಸುದ್ದಿಯಿಂದ ಹೋದ ನಂಬಿಕೆಯನ್ನು ಯಾವ ಪ್ರಯೋಗಶಾಲೆಯೂ ತಯಾರಿಸಿ ಕೊಡಲಾರದು.

೧೯೨೫ರಲ್ಲಿ ಬೊಂಬಾಯಿಯ ಪ್ರಯೋಗಶಾಲೆಗೆ ಹಾಫ್ಕಿನ್ನನ ಹೆಸರಿಟ್ಟರು. ಐದು ವರ್ಷಗಳ ತರುವಾಯ ಆತ ಸ್ವಿಟ್ಜರ್ಲೆಂಡಿನ ಲೂಸಾನ್ ನಗರದಲ್ಲಿ ತೀರಿಕೊಂಡ. ಇಂದು ಮಗುವಿಗೆ ಲಸಿಕೆ ಹಾಕಿಸಲು ಹೋದರೆ ದಾದಿ ನಮ್ಮ ಕಣ್ಣೆದುರಿಗೇ ಹೊಸ ಸೂಜಿಯ ಪೊಟ್ಟಣ ಒಡೆಯುತ್ತಾಳೆ. ನಾವು ಅದನ್ನು ಗಮನಿಸುವುದೂ ಇಲ್ಲ. ಗಮನಿಸಿದರೆ ಮಲ್ಕೊವಾಲಿನ ಚಿಮಟ ನೆನಪಾಗಲಿ.