ಬಿಳಿ ದ್ವೀಪದ ದಿನಚರಿ

ಭೂಪಟದ ನೆತ್ತಿಯ ಹತ್ತಿರ ನೋಡಿ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಪೂರ್ವದ ಕೊನೆಗೆ ಕ್ವಿಟೋಯ ಎಂಬ ನಡುಗಡ್ಡೆಯಿದೆ. ಹೆಸರಿನ ಅರ್ಥವೇ ಬಿಳಿ ದ್ವೀಪ. ಸುಮಾರು 680 ಚದರ ಕಿಲೋಮೀಟರ್ ನೆಲ. ಅಂಚಿನ ಒಂದಿಷ್ಟು ಕಲ್ಲುಭೂಮಿ ಬಿಟ್ಟರೆ ಉಳಿದದ್ದೆಲ್ಲ ಹಿಮದ ಗುಮ್ಮಟ. ಮರವಿಲ್ಲ, ಮನೆಯಿಲ್ಲ. ದಡದಲ್ಲಿ ಉದ್ದ ಕೋರೆಯ ವಾಲ್ರಸ್‌ಗಳು ಕೆರೆಯ ಎಮ್ಮೆಗಳಂತೆ ಒತ್ತೊತ್ತಾಗಿ ಬಿದ್ದಿರುತ್ತವೆ. ಹಿಮಕರಡಿಗಳು ಸುಳಿಯುತ್ತವೆ.

1897ರ ಜುಲೈ 11ರಂದು ಸ್ವೀಡನ್ನಿನ ಆಂಡ್ರೇ, ಸ್ಟ್ರಿಂಡ್‌ಬರ್ಗ್, ಫ್ರೆಂಕೆಲ್ ಎಂಬ ಮೂವರು ಸ್ವಾಲ್ಬಾರ್ಡಿನಿಂದಲೇ ಹೈಡ್ರೋಜನ್ ಬಲೂನು ಹತ್ತಿ ಉತ್ತರ ಧ್ರುವಕ್ಕೆ ಹೊರಟರು. ಮೂರೇ ದಿನಕ್ಕೆ ಬಲೂನು ಕಡಲ ಹಿಮದ ಮೇಲೆ ಕುಳಿತುಬಿಟ್ಟಿತು. ಮುಂದೆ ಜಾರುಬಂಡಿ ಎಳೆಯುತ್ತ ನಡಿಗೆ. ಇವರು ಒಂದು ದಿಕ್ಕಿಗೆ ನಡೆದರೆ ಕಾಲಡಿಯ ಹಿಮ ಇನ್ನೊಂದು ದಿಕ್ಕಿಗೆ ತೇಲುತ್ತಿತ್ತು! ಕರಡಿ ಹೊಡೆದು ತಿನ್ನುತ್ತ ಅಕ್ಟೋಬರ್ ಆರಂಭದಲ್ಲಿ ಕ್ವಿಟೋಯ ಮುಟ್ಟಿದರು. ಆಮೇಲೆ ಸುದ್ದಿಯಿಲ್ಲ.

1930ರ ಆಗಸ್ಟ್ ತಿಂಗಳಲ್ಲಿ ಬ್ರಾಟ್‌ವಾಗ್ ಎಂಬ ನಾರ್ವೆಯ ಹಡಗಿನವರು ಅವರ ಬಿಡಾರ ಕಂಡರು. ಶವಗಳು, ದಿನಚರಿಗಳು, ಫಿಲ್ಮು ಎಲ್ಲ ಆ ವರ್ಷವೇ ಸಿಕ್ಕವು. 33 ವರ್ಷ ಹಿಮದಲ್ಲಿದ್ದ ಫಿಲ್ಮು ತೊಳೆದರೆ 93 ಚಿತ್ರ ಉಳಿದಿದ್ದವು. ಬ್ಯಾಂಕಿನಲ್ಲಿ ಲೆಡ್ಜರು ಬರೆದ ನನಗೆ ಅವರ ದಿನಚರಿಯೇ ಹೆಚ್ಚಿನ ಬೆರಗು. ಅಂಥ ಸ್ಥಿತಿಯಲ್ಲೂ ಹವೆ, ಊಟ, ನಡೆದ ದೂರ ಬರೆದಿಟ್ಟಿದ್ದಾರೆ.

ಬಿಡಾರದಲ್ಲಿ ಆಹಾರವಿತ್ತು, ತೋಟಾಗಳಿದ್ದವು. ಮತ್ತೆ ಸತ್ತದ್ದೇಕೆ? 1952ರಲ್ಲಿ ಡೆನ್ಮಾರ್ಕಿನ ವೈದ್ಯ ಟ್ರೈಡೆ ಅಲ್ಲಿ ಸಿಕ್ಕ ಕರಡಿಯ ಅವಶೇಷದಲ್ಲಿ ಟ್ರೈಕಿನೆಲ್ಲಾ ಹುಳು ಕಂಡು, ಸರಿಯಾಗಿ ಬೇಯದ ಮಾಂಸವೇ ಕೊಂದಿತೆಂದರು. ಚಳಿಯೇ ಕಾರಣವೆನ್ನುವವರೂ ಇದ್ದಾರೆ. ವಾದ ಮುಗಿದಿಲ್ಲ.

1973ರಿಂದ ಕ್ವಿಟೋಯ ರಕ್ಷಿತ ನಿಸರ್ಗಧಾಮ. ಬಿಡಾರವಿದ್ದ ಭೂಶಿರಕ್ಕೆ ಆಂಡ್ರೇ ಅವರ ಹೆಸರಿದೆ.